ಬಿಂದುಮೀಮಾಂಸೆ: ಕಮಾಂಡ್ ಲೈನಿನಲ್ಲಿ ಡಿಎನ್‌ಎಸ್ ತಿದ್ದುವ ಶಾಸ್ತ್ರ

ಅನ್ಯ ಶಾಸ್ತ್ರಗಳು ಮಂಗಳಶ್ಲೋಕದಿಂದ ಶುರುವಾದರೆ, ಅಂತರಜಾಲದ ಹೆಸರುಗಳನ್ನು ಅಂಕಿ ವಿಳಾಸಗಳಿಗೆ ಹೊಂದಿಸುವ ಡಿಎನ್‌ಎಸ್ ಶಾಸ್ತ್ರ ಎಸ್‌ಒಎ ಎಂಬ ದಾಖಲೆಯಿಂದ ಶುರುವಾಗುತ್ತದೆ. ವಲಯವನ್ನು, ಅಂದರೆ ಒಂದು ಡೊಮೇನಿನ ಹೆಸರುಗಳ ಪಟ್ಟಿಯನ್ನು, ನೋಡಿಕೊಳ್ಳುವವರ ಇಮೇಲ್ ವಿಳಾಸವನ್ನು ಅದರಲ್ಲಿ ನಮೂದಿಸಬೇಕು. ಆದರೆ ‘@’ ಚಿಹ್ನೆ ನಿಷಿದ್ಧ, ಅದರ ಸ್ಥಾನದಲ್ಲಿ ಚುಕ್ಕಿ ವಿಹಿತ. ಕಾರಣ, ಆ ದಾಖಲೆ ಇರುವ ವಲಯ ಕಡತದಲ್ಲಿ ‘@’ ಎಂದರೆ ವಲಯದ ಹೆಸರು. ಸೆಮಿಕೋಲನ್ ಬಂದರೆ ಅಲ್ಲಿಂದಾಚೆಗೆ ಎಲ್ಲವೂ ಟಿಪ್ಪಣಿ. ಸಾಲು ಖಾಲಿ ಜಾಗದಿಂದ ಆರಂಭವಾದರೆ ‘ಮೇಲಿನ ಹೆಸರೇ’ ಎಂದರ್ಥ. ಏನೂ ಬರೆಯದಿರುವುದಕ್ಕೂ ಅರ್ಥವಿರುವ ಶಾಸ್ತ್ರಕ್ಕೆ ಭಾಷ್ಯಕಾರರು ಹುಟ್ಟದೆ ಇರುತ್ತಾರೆಯೇ? ಕಮಾಂಡ್ ಲೈನ್ ಸಾಧನಗಳನ್ನು ಬರೆಯುವವರೇ ಆ ಭಾಷ್ಯಕಾರರು. ಅವರ ಮತಭೇದಗಳೇ ಈ ಪ್ರಬಂಧದ ವಿಷಯ.

ಆದಿಯಲ್ಲಿ ಒಂದೇ ಕಡತವಿತ್ತು. ಅಂತರಜಾಲದ ಪೂರ್ವಜ ಅರ್ಪಾನೆಟ್‌ನ ಸಕಲ ಕಂಪ್ಯೂಟರುಗಳ ಹೆಸರು ಮತ್ತು ಅಂಕಿ ವಿಳಾಸಗಳನ್ನು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಕಾಪಾಡಿಕೊಂಡು ಬಂದಿತ್ತು. ಹೆಸರು ಸೇರಿಸಬೇಕಾದವರು ಆ ಕಚೇರಿಗೆ ತಿಳಿಸುತ್ತಿದ್ದರು, ಕಚೇರಿಯವರು ಬರೆದುಕೊಳ್ಳುತ್ತಿದ್ದರು. ಇಂಟರ್‌ಫೇಸ್ ವಿನ್ಯಾಸದ ಇತಿಹಾಸದಲ್ಲಿ ಇದು ಕೃತಯುಗ: ತಪ್ಪು ಹೇಳಿದರೆ ಆ ಕಡೆಯವರು ‘ಏನಂದಿರಿ?’ ಎಂದು ಕೇಳಬಹುದಿತ್ತು. ಯಂತ್ರಗಳು ಹೆಚ್ಚಿ ಪಟ್ಟಿ ಉಬ್ಬಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್‌ನ ಮೊದಲ ವಿವರಣೆ ಬರೆದರು. 1987ರಲ್ಲಿ ಬಂದ ಆರ್‌ಎಫ್‌ಸಿ 1034 ಮತ್ತು 1035 ಇಂದಿಗೂ ಮೂಲಗ್ರಂಥಗಳು. ಜಾಲದ ಮೂಲಕವೇ ದಾಖಲೆ ತಿದ್ದುವ ವಿಧಿ ಬರಲು 1997ರವರೆಗೆ ಕಾಯಬೇಕಾಯಿತು. ಅಲ್ಲಿಯತನಕ ಭಕ್ತರು ಎಡಿಟರಿನಲ್ಲಿ ಕಡತ ತೆರೆದು, ವಲಯದ ಆವೃತ್ತಿ ಸೂಚಿಸುವ ಸೀರಿಯಲ್ ಸಂಖ್ಯೆ ಏರಿಸಲು ಮರೆತು, ‘ಬದಲಾವಣೆ ಯಾಕೆ ಕಾಣುತ್ತಿಲ್ಲ’ ಎಂದು ಪರಿತಪಿಸುತ್ತಿದ್ದರು.

ಶಾಸ್ತ್ರದ ಪ್ರಾಣಬಿಂದು ಅಕ್ಷರಶಃ ಬಿಂದುವೇ. ವಲಯ ಕಡತದಲ್ಲಿ ಹೆಸರಿನ ಕೊನೆಗೆ ಚುಕ್ಕಿ ಇಲ್ಲದಿದ್ದರೆ ಆ ಹೆಸರು ಅಪೂರ್ಣವೆಂದು ಬಗೆದು ವಲಯದ ಹೆಸರನ್ನು ತಾನಾಗಿ ಅಂಟಿಸಲಾಗುತ್ತದೆ. ಇದು ಎಳೆಯರ ತಪ್ಪೆಂದು ನಗುವವರು ಸ್ವೀಡನ್ನಿನ ಪ್ರಕರಣವನ್ನು ಪಾರಾಯಣ ಮಾಡಬೇಕು. 2009ರ ಅಕ್ಟೋಬರ್ 12ರ ರಾತ್ರಿ ಆ ದೇಶದ ‘.ಎಸ್‌ಇ’ ವಲಯವನ್ನು ತಯಾರಿಸುವ ಸ್ಕ್ರಿಪ್ಟ್ ಕೊನೆಯ ಚುಕ್ಕಿ ಹಾಕುವುದನ್ನು ಬಿಟ್ಟಿತು. ಸುಮಾರು 9 ಲಕ್ಷ ಡೊಮೇನುಗಳಿದ್ದ ಒಂದು ಇಡೀ ರಾಷ್ಟ್ರದ ನಾಮಕೋಶ ದಿಕ್ಕುತಪ್ಪಿತು. ಸರಿಪಡಿಸಿದ ವಲಯ ಒಂದು ಗಂಟೆಯ ಆಸುಪಾಸಿನಲ್ಲಿ ಬಂದರೂ, ತಪ್ಪು ಉತ್ತರವನ್ನು ಆಗಲೇ ನೆನಪಿಟ್ಟುಕೊಂಡಿದ್ದ ಸರ್ವರುಗಳು ಅದನ್ನೇ ಜಪಿಸುತ್ತಿದ್ದವು. ಆದ್ದರಿಂದ ಸೂತ್ರ: ಬಿಂದುಲೋಪೇ ವಲಯಲೋಪಃ. ಇದರ ವೃತ್ತಿ ಹೀಗೆ: ಬಳಕೆದಾರ ಟೈಪ್ ಮಾಡಿದ ಹೆಸರನ್ನು ತಾನು ಹೇಗೆ ಅರ್ಥಮಾಡಿಕೊಂಡೆ ಎಂದು ಸಾಧನ ಪೂರ್ತಿಯಾಗಿ, ಚುಕ್ಕಿ ಸಮೇತ, ತಿರುಗಿ ಹೇಳಬೇಕು.

ಆಜ್ಞಾವಾಕ್ಯದ ಪದಕ್ರಮದ ವಿಚಾರದಲ್ಲಿ ಎರಡು ಮಠಗಳಿವೆ. ಕ್ರಿಯೆ ಮೊದಲು ಎನ್ನುವವರದು ಒಂದು. ಜಾಲದ ಮೂಲಕ ದಾಖಲೆ ತಿದ್ದುವ ಸಾಧನವಾದ ಎನ್‌ಎಸ್‌ಅಪ್‌ಡೇಟ್‌ನ ‘ಅಪ್‌ಡೇಟ್ ಆ್ಯಡ್’ ಅವರದು. ಆಜ್ಯೂರ್ ಕ್ಲೌಡ್ ಸೇವೆಯವರದು ಎರಡನೆಯದು: ‘ನೆಟ್‌ವರ್ಕ್ ಡಿಎನ್‌ಎಸ್ ರೆಕಾರ್ಡ್-ಸೆಟ್ ಎ’ ಎಂದು ವಂಶಾವಳಿ ಒಪ್ಪಿಸಿದ ಮೇಲೆಯೇ ‘ಆ್ಯಡ್-ರೆಕಾರ್ಡ್’ ಎಂಬ ಕ್ರಿಯೆಗೆ ಪ್ರವೇಶ. ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೂ ಕಾದು ಅಭ್ಯಾಸವಿರುವ ಕನ್ನಡಿಗರಿಗೆ ಇದರಲ್ಲಿ ಕಷ್ಟವೇನಿಲ್ಲ. ಅಮೆಜಾನಿನ ಡಿಎನ್‌ಎಸ್ ಸೇವೆ ರೂಟ್ 53 ಎರಡೂ ಮಠಗಳನ್ನು ಬಿಟ್ಟ ಅವಧೂತ. ಅಲ್ಲಿ ಕಮಾಂಡ್ ಬರಿದೆ ‘ಬದಲಿಸು’ ಎನ್ನುತ್ತದೆ. ಕ್ರಿಯೇಟ್, ಡಿಲೀಟ್, ಅಪ್‌ಸರ್ಟ್ ಎಂಬ ನಿಜವಾದ ಕ್ರಿಯೆಗಳು ಜೇಸನ್ ಕಡತದೊಳಗೆ ಅಡಗಿ ಕೂತಿರುತ್ತವೆ. ಟಿಎಕ್ಸ್‌ಟಿ ದಾಖಲೆಯಾದರಂತೂ ಉದ್ಧರಣ ಚಿಹ್ನೆಯೊಳಗೆ ಉದ್ಧರಣ ಚಿಹ್ನೆ, ಅದರ ಮುಂದೆ ಬ್ಯಾಕ್‌ಸ್ಲ್ಯಾಷ್.

ಪದಕ್ರಮದ ಈ ಜಗಳ ವಾಸ್ತವವಾಗಿ ಕಾಲಹರಣ. ಪ್ರಾಣಾಪಾಯವಿರುವುದು ಅಳಿಸುವ ವಿಧಿಯಲ್ಲಿ. ಎನ್‌ಎಸ್‌ಅಪ್‌ಡೇಟ್‌ನಲ್ಲಿ ‘ಅಪ್‌ಡೇಟ್ ಡಿಲೀಟ್’ ಎಂದು ಹೆಸರನ್ನಷ್ಟೇ ಕೊಟ್ಟು ದಾಖಲೆಯ ಬಗೆ ಹೇಳದಿದ್ದರೆ, ಆ ಹೆಸರಿನಲ್ಲಿರುವ ದಾಖಲೆಗಳೆಲ್ಲ ಹೋಗುತ್ತವೆ. ಅಂಗಿಯ ಗುಂಡಿ ಬಿಚ್ಚು ಅಂದರೆ ಮೈಮೇಲಿನದನ್ನೆಲ್ಲ ಕಳಚಿಕೊಂಡು ಹೋದ ಹಾಗೆ. ಅದರಲ್ಲೇ ಖಾಲಿ ಸಾಲಿನಲ್ಲಿ ಎಂಟರ್ ಒತ್ತುವುದು ‘ಸೆಂಡ್’ ಎಂದು ಬರೆದುದಕ್ಕೆ ಸಮ. ಯೋಚಿಸುತ್ತ ಎಂಟರ್ ಕುಟ್ಟುವ ಚಟದವರು ಇಲ್ಲಿ ಬಾಳಲಾರರು. ರೂಟ್ 53ರ ನಿಲುವು ತದ್ವಿರುದ್ಧ: ಅಳಿಸಬೇಕಾದ ದಾಖಲೆಯ ಟಿಟಿಎಲ್ (ನೆನಪಿಟ್ಟುಕೊಳ್ಳುವ ಅವಧಿ) ಮತ್ತು ಮೌಲ್ಯಗಳನ್ನು ಇದ್ದಂತೆಯೇ ಒಪ್ಪಿಸದಿದ್ದರೆ ಅದು ಕೇಳುವುದಿಲ್ಲ. ಕಿರಿಕಿರಿಯೇ ಸರಿ, ಆದರೆ ಪಂಡಿತರ ಮತ ರೂಟ್ 53ರ ಕಡೆಗೇ ವಾಲುತ್ತದೆ.

ಭಾಷ್ಯಕಾರ ಎಷ್ಟೇ ನಿಪುಣನಾದರೂ ಅವನ ಕಿವಿಗೆ ಮಾತು ಬೀಳುವ ಮೊದಲೇ ತಿರುಚುವ ದುಭಾಷಿಯೊಬ್ಬನಿದ್ದಾನೆ; ಅವನ ಹೆಸರು ಶೆಲ್. ಮೇಲ್ ಸಹಿಯ ಡಿಕೆಐಎಂ ದಾಖಲೆಯ ಭಾಗಗಳನ್ನು ಬೇರ್ಪಡಿಸುವುದು ಸೆಮಿಕೋಲನ್. ಉದ್ಧರಣ ಚಿಹ್ನೆ ಹಾಕದಿದ್ದರೆ ಶೆಲ್ ಅಲ್ಲಿಗೇ ಕಮಾಂಡ್ ಮುಗಿಯಿತೆಂದು ಭಾವಿಸಿ, ಉಳಿದದ್ದನ್ನು ಬೇರೆ ಕಮಾಂಡಾಗಿ ಓಡಿಸಲು ಹೊರಡುತ್ತದೆ. ಯಾವ ಸರ್ವರುಗಳು ಮೇಲ್ ಕಳಿಸಬಹುದೆಂದು ಹೇಳುವ ಎಸ್‌ಪಿಎಫ್ ದಾಖಲೆಯ ಬಾಲದಲ್ಲಿ ‘ಉಳಿದ ಯಾರನ್ನೂ ನಂಬಬೇಡಿ’ ಎಂದು ಸಾರುವ ‘-ಆಲ್’ ಇರುತ್ತದಲ್ಲ, ಉದ್ಧರಣ ಚಿಹ್ನೆ ಇಲ್ಲದೆ ಅದನ್ನು ಕಂಡ ಸಾಧನ ‘ಇಂಥ ಆಯ್ಕೆ ನನ್ನಲ್ಲಿಲ್ಲ’ ಎಂದು ಗದರುತ್ತದೆ. ಎಲ್ಲ ಉಪಹೆಸರುಗಳಿಗೂ ಅನ್ವಯಿಸುವ ನಕ್ಷತ್ರ ಚಿಹ್ನೆಯನ್ನು ಬೋಳಾಗಿ ಟೈಪ್ ಮಾಡಿದರೆ ಆ ಫೋಲ್ಡರಿನಲ್ಲಿರುವ ಕಡತಗಳ ಹೆಸರುಗಳು ಸಾಲಾಗಿ ಬಂದು ನಿಲ್ಲುತ್ತವೆ. ಮೌಲ್ಯಗಳನ್ನು ಕಡತದಿಂದ ಓದಿಕೊಳ್ಳುವ ದಾರಿಯೊಂದನ್ನು ಸಾಧನದಲ್ಲಿ ಇಡಲೇಬೇಕೆಂಬ ವಾದ ಹುಟ್ಟಿದ್ದು ಇಂಥ ಗಾಯಗಳಿಂದ.

ಹಾಗಾದರೆ ಸಿದ್ಧಾಂತವೇನು? ಮಾಡುವುದಕ್ಕೆ ಮುಂಚೆ ತೋರಿಸು ಎಂಬುದೇ. ಸ್ಟ್ಯಾಕ್ ಎಕ್ಸ್‌ಚೇಂಜ್‌ನಲ್ಲಿ ಹುಟ್ಟಿದ ಡಿಎನ್‌ಎಸ್‌ಕಂಟ್ರೋಲ್ ಸಾಧನದಲ್ಲಿ ‘ಪ್ರೀವ್ಯೂ’ ಬೇರೆ, ‘ಪುಶ್’ ಬೇರೆ. ಗಿಟ್‌ಹಬ್‌ನಿಂದ ಬಂದ ಆಕ್ಟೊಡಿಎನ್‌ಎಸ್ ಸುಮ್ಮನೆ ಓಡಿಸಿದರೆ ಆಗಲಿರುವ ಬದಲಾವಣೆಗಳ ಪಟ್ಟಿ ಕೊಟ್ಟು ಕೈಕಟ್ಟಿ ನಿಲ್ಲುತ್ತದೆ. ‘--ಡುಇಟ್’ ಎಂದು ಬಾಯಿಬಿಟ್ಟು ಹೇಳಿದರಷ್ಟೇ ಕೆಲಸಕ್ಕಿಳಿಯುತ್ತದೆ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: ಮನುಷ್ಯನ ಕೈಯನ್ನೇ ತೆಗೆದು ಎಲ್ಲವನ್ನೂ ಯಂತ್ರಕ್ಕೆ ವಹಿಸಿದರೆ ಈ ಶಾಸ್ತ್ರವೇ ಬೇಡವಲ್ಲ? ಉತ್ತರ 2025ರ ಅಕ್ಟೋಬರಿನಲ್ಲಿ ಅಮೆಜಾನಿನ ವರ್ಜೀನಿಯಾ ಕೇಂದ್ರದಲ್ಲಿ ಸಿಕ್ಕಿತು. ಡೈನಮೊಡಿಬಿ ಎಂಬ ದತ್ತಸಂಚಯ ಸೇವೆಯ ಡಿಎನ್‌ಎಸ್ ದಾಖಲೆಗಳನ್ನು ತಾನಾಗಿ ತಿದ್ದುವ ಎರಡು ಪ್ರಕ್ರಿಯೆಗಳು ಒಂದರ ಮೇಲೊಂದು ಬಿದ್ದು, ಹಳೆಯ ಯೋಜನೆ ಹೊಸದನ್ನು ಅಳಿಸಿ, ಕೊನೆಗೆ ದಾಖಲೆಯಲ್ಲಿ ಒಂದು ವಿಳಾಸವೂ ಉಳಿಯಲಿಲ್ಲ. ಯಂತ್ರಕ್ಕೆ ಅದನ್ನು ತಾನೇ ಸರಿಪಡಿಸಲಾಗಲಿಲ್ಲ, ಮನುಷ್ಯರೇ ಕೈಹಾಕಬೇಕಾಯಿತು.

ಸಾಧನ ಬರೆಯಹೊರಟವರಲ್ಲಿ ಇನ್ನೊಂದು ಬಿನ್ನಹ. ಕನ್ನಡ ಲಿಪಿಯ ‘.ಭಾರತ’ ಎಂಬ ಅಗ್ರ ಡೊಮೇನ್ ಅಂತರಜಾಲದ ಬೇರಿನಲ್ಲಿ ‘ಎಕ್ಸ್‌ಎನ್--2ಎಸ್‌ಸಿಆರ್‌ಜೆ9ಸಿ’ ಎಂಬ ರೂಪದಲ್ಲಿ ದಾಖಲಾಗಿದೆ. ಡಿಲೀಟ್ ಮಾಡಲೇ ಎಂದು ಸಾಧನ ಕೇಳುವಾಗ ಆ ಗೂಢಲಿಪಿಯ ಪಕ್ಕದಲ್ಲಿ ಕನ್ನಡ ಹೆಸರನ್ನೂ ತೋರಿಸಿ. ಏನನ್ನು ಅಳಿಸುತ್ತಿದ್ದೇವೆಂದು ಓದಿಕೊಂಡು ‘ಹೂಂ’ ಅನ್ನುತ್ತೇವೆ.