ಹೆಬ್ಬೆರಳು ಮನ್ಯಾಗ, ರೊಕ್ಕ ಮಾಯ
"ಕಂಪ್ಯೂಟರ್ ಬಂದ ಮ್ಯಾಲ ಲಂಚ ಹೋಯ್ತೇನ್ರೀ ಸಾಹೇಬ್ರ?" ಔರಾದಿನ ರೈತ ಕೇಳುತ್ತಾನೆ. "ಅರ್ಧ ಹೋಯ್ತು," ಬೀದರಿನ ಬಾಬು ನಗುತ್ತಾನೆ. "ಜಮೀನಿನ ದಾಖಲೆ ಕಂಪ್ಯೂಟರಿಗೆ ಹಾಕಿದ 'ಭೂಮಿ' ಬಂದು 15 ರೂಪಾಯಿಗೆ ಪಹಣಿ ಸಿಕ್ತು, ತಲಾಟಿ ಮನಿಗೆ ಅಡ್ಡಾಡೂದು ತಪ್ಪಿತು. ಜಮೀನು ಹೆಸರಿಗೆ ಮಾಡೋ ಮ್ಯುಟೇಶನ್ನಿಗೆ ಮಾತ್ರ ಟೇಬಲ್ ಬೇಕು. ಟೇಬಲ್ಲಿಗೆ ಡ್ರಾಯರ್ ಅದ." "ಕಳ್ಳರು?" "ಅವ್ರೂ ಡಿಜಿಟಲ್! 2019ರಾಗ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಿಂದ 11.5 ಕೋಟಿ ರೂಪಾಯಿ ಹೊಡೆದ್ರು. 2023ರಾಗ ಆಸ್ತಿ ನೋಂದಣಿ ಪೋರ್ಟಲ್ 'ಕಾವೇರಿ'ಯ ನೋಂದಣಿ ಪತ್ರದ ಬೆರಳಚ್ಚು ನಕಲು ಮಾಡಿ ಆಧಾರ್ ಪಾವತಿಯಿಂದ ರೊಕ್ಕ ತಗದ್ರು." "ಹಂಗಾರ ಕಾಗದಕ್ಕೇ ಹೋಗೋಣೇನು?"

ಬೇಡ. ಕಾಗದ ತಿದ್ದಿದವನ ಹೆಸರು ಕಾಗದ ಹೇಳುತ್ತಿರಲಿಲ್ಲ. ಕಂಪ್ಯೂಟರ್ ಬಯಸಿದರೆ ಹೇಳುತ್ತದೆ, ಕೇಳುವ ಹಕ್ಕು ಮಾತ್ರ ಕಚೇರಿಯ ಕೈಯಲ್ಲಿದೆ. 2007ರಲ್ಲಿ ತನ್ನ ಮೇಲೆ ನಡೆದ ಸೈಬರ್ ದಾಳಿಯ ಬಳಿಕವೂ ಎಸ್ಟೋನಿಯಾ ಕಾಗದಕ್ಕೆ ಮರಳಲಿಲ್ಲ. ತನ್ನ ಮಾಹಿತಿ ಯಾರು ತೆರೆದರೆಂದು ಅಲ್ಲಿನ ನಾಗರಿಕನೇ ನೋಡಬಹುದು. ಔರಾದಿನ ರೈತನ ಪಹಣಿಯನ್ನು ಯಾರು, ಯಾವಾಗ ತೆರೆದರೆಂಬ ಪಟ್ಟಿಯನ್ನು ಅವನಿಗೂ ತೋರಿಸಿ, ಸಾಹೇಬರೇ.