ಸೌಲನ ಕವಚದ ಸೈಜು

ಮಕ್ಕಳಿಗೆ ಧೈರ್ಯ ತುಂಬುವುದು ಹೇಗೆಂದು ತಂದೆತಾಯಿಗೆ ಕಲಿಸುವ ಕಾರ್ಯಾಗಾರಗಳು ಈಗ ನಮ್ಮ ಸಭೆಗಳಿಗೂ ಬಂದಿವೆ. ಮೊದಲೆಲ್ಲ ಬೇಸಿಗೆ ಬಂತೆಂದರೆ ಮಕ್ಕಳಿಗೆ ವಿಬಿಎಸ್ ಎಂಬ ರಜಾ ಬೈಬಲ್ ಶಾಲೆ, ದೊಡ್ಡವರಿಗೆ ಉಜ್ಜೀವನ ಕೂಟ. ಹೆತ್ತವರಾಗಲಿಕ್ಕೂ ತರಬೇತಿ ಬೇಕೆಂದು ಯಾರಿಗೂ ಹೊಳೆದಿರಲಿಲ್ಲ; ಹೆತ್ತರೆ ಸಾಕಿತ್ತು.

ರಾಯಚೂರಿನ ಬಿಸಿಲಲ್ಲಿ ನಡೆದ ಅಂಥದ್ದೊಂದಕ್ಕೆ ನಾನೂ ಹೋಗಿದ್ದೆ. ದೇವದುರ್ಗ, ಮಾನ್ವಿಯಿಂದ ಜನ ಬಂದಿದ್ದರು. ಜನ ಅಂದರೆ ಹೆಂಗಸರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಅವರಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಗಂಡಸರಿಗೆ ಟಿಕೆಟ್. "ಇಬ್ರೂ ಯಾಕ? ನೀ ಕಲ್ತು ಬಂದು ನನಗ ಹೇಳು" ಎಂದು ಅಪ್ಪಂದಿರು ಊರಲ್ಲೇ ಉಳಿದಿದ್ದರು. ಹೆಂಡತಿ ಹೇಳಿದ್ದನ್ನು ಕೇಳುತ್ತೇನೆಂದು ಗಂಡ ಒಪ್ಪಿಕೊಂಡದ್ದೇ ಕಾರ್ಯಾಗಾರದ ಮೊದಲ ಫಲ.

ಬೆಂಗಳೂರಿನಿಂದ ಬಂದ ತರಬೇತುದಾರರು, "ಮಕ್ಕಳ ಕಷ್ಟವನ್ನೆಲ್ಲ ನೀವೇ ಹೊರಬೇಡಿ. ಸ್ವಲ್ಪ ಕಷ್ಟಪಡಲಿ, ಗಟ್ಟಿಯಾಗುತ್ತಾರೆ" ಎಂದರು. ನಗರದ ತಾಯಂದಿರು ಬರೆದುಕೊಂಡರು. ದೇವದುರ್ಗದ ಅಜ್ಜಿಯೊಬ್ಬರು ಕೈಯೆತ್ತಿದರು.

"ಸರ, ಮಗ-ಸೊಸಿ ಗುಳೆ ಹೋಗ್ಯಾರ, ನಿಮ್ಮ ಬೆಂಗಳೂರಿಗೇ. ಮೊಮ್ಮಗಳು ನೀರು ತಂದು, ರೊಟ್ಟಿ ಬಡದು, ತಮ್ಮಗ ಅಂಗಿ ಹಾಕಿ ಸಾಲಿಗೆ ಹೋಗ್ತಾಳ. ಇನ್ನ ಎಷ್ಟು ಕಷ್ಟ ಕೊಡಬೇಕ್ರಿ?"

ತರಬೇತುದಾರರು ನೀರು ಕುಡಿದರು.

ಆ ಹುಡುಗಿ ಹತ್ತಿ ಹೊಲದಲ್ಲಿ ಹಾವು ಕಂಡರೂ ಬೆದರುವವಳಲ್ಲ. ಹೆಡ್‌ಮಾಸ್ತರು ಹೆಸರು ಕೇಳಿದರೆ ಮಾತ್ರ ನೆಲ ನೋಡುತ್ತಾಳಂತೆ. ನಮ್ಮ ರಾಯಚೂರಿನ ಹುಡುಗ ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಮೈಕು ಬಿಡುವುದಿಲ್ಲ. ತೀನ್ ಕಂದೀಲ್‌ನಿಂದ ಬಸ್‌ಸ್ಟ್ಯಾಂಡಿಗೆ ಒಬ್ಬನೇ ಹೋಗು ಎಂದರೆ ಅಮ್ಮನ ಮುಖ ನೋಡುತ್ತಾನೆ. ಮಾನ್ವಿಯವರದು ಮೂರನೆಯ ಕಥೆ: ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆಯ ಹೊಲಕ್ಕೆ ಬಾರದ ವರ್ಷ ಮಕ್ಕಳ ಫೀಸೂ ಬಾರದು, ಅಲ್ಲಿ ಧೈರ್ಯ ಬೇಕಾದದ್ದು ಅಪ್ಪನಿಗೆ. ಮೂರೂ ಊರಿಗೆ ಹಂಚಿದ್ದು ಒಂದೇ ಝೆರಾಕ್ಸು.

ಊಟಕ್ಕೆ ಮುಂಚೆ ನಮ್ಮ ಪಾಸ್ಟರು ಮೊದಲನೆಯ ಸಮುವೇಲದ 17ನೇ ಅಧ್ಯಾಯ ತೆರೆದರು. ಇಷಯ ಕಿರಿಮಗ ದಾವೀದನನ್ನು ರಣರಂಗಕ್ಕೆ ಕಳಿಸಿದ್ದು ಯುದ್ಧಕ್ಕಲ್ಲ, ಅಣ್ಣಂದಿರಿಗೆ ಹುರಿಗಾಳು, ರೊಟ್ಟಿಯ ಬುತ್ತಿ ಮುಟ್ಟಿಸಲು. ಅಲ್ಲಿ ಅವನು ಶತ್ರುಗಳ ದೈತ್ಯ ಗೊಲ್ಯಾತನ ಜೊತೆ ಕಾದಾಡುತ್ತೇನೆಂದಾಗ ಅರಸ ಸೌಲ ತನ್ನದೇ ಕವಚ ತೊಡಿಸಿದ. ಹುಡುಗನಿಗೆ ನಡೆಯಲೇ ಆಗಲಿಲ್ಲ. ಬಿಚ್ಚಿಟ್ಟು ಕವಣೆ ಹಿಡಿದು ಹೋದ. "ಬುತ್ತಿ ಕಟ್ಟೋದು ನಮ್ಮ ಕೆಲಸ, ಕವಚ ತೊಡಿಸೋದು ಬ್ಯಾಡ" ಎಂದರು ಪಾಸ್ಟರು. ಸಭೆ ಸ್ತೋತ್ರ ಹೇಳಿತು. ಆದರೆ ನಮ್ಮ ಮನೆಗಳ ಕವಚದ ಮೇಲೆ "ನೀಟ್" ಎಂದು ಬರೆದಿರುತ್ತದೆ. 371ಜೆ ಮೀಸಲಾತಿ ಇರುವಾಗ ಮೆಡಿಕಲ್ ಸೀಟು ಬಿಡುವುದುಂಟೇ ಎಂದು ಅದರ ಮೇಲೊಂದು ಶಿರಸ್ತ್ರಾಣ ಬೇರೆ.

ನಾನು ಎದ್ದು ಸಲಹೆ ಕೊಟ್ಟೆ: ಮುಂದಿನ ರಜೆಗೆ ನಗರದ ಹುಡುಗರು ಒಂದು ವಾರ ದೇವದುರ್ಗದಲ್ಲಿರಲಿ, ಅಲ್ಲಿಯ ಮಕ್ಕಳು ಇಲ್ಲಿ ಬಂದು ಮೈಕು ಹಿಡಿಯಲಿ. ಚಪ್ಪಾಳೆ ಬಿತ್ತು. ಕೂಡಲೇ ನಗರದ ತಾಯಿಯೊಬ್ಬರು ಅಜ್ಜಿಯ ಕಡೆ ಬಾಗಿದರು.

"ನಿಮ್ಮ ಮನೆಯಾಗ ಫಿಲ್ಟರ್ ನೀರು ಅದ ಏನ್ರಿ?"

"ಅದ ತಗೋರಿ," ಎಂದರು ಅಜ್ಜಿ. "ನಿಮ್ಮ ಮಗ ಕೊಡ ಹೊರ್ತಾನೇನು?"