ಅಟ್ಟದ ಮೇಲಿನ ಪ್ರಯೋಗಶಾಲೆ

ಹೈಸ್ಕೂಲು ಮಕ್ಕಳು ಮನೆಯಲ್ಲಿ ವಿಜ್ಞಾನ ಕಲಿಯಲು ಬೇಕಾದ ಮೊದಲ ಸಲಕರಣೆ ತಾಯಿಯ ಒಪ್ಪಿಗೆ. ಪುಸ್ತಕ ಹಿಡಿದು ಗೋಡೆಗೊರಗಿ ಕೂತ ಹುಡುಗನನ್ನು ಅರಸೀಕೆರೆಯ ಯಾವ ಮನೆಯಲ್ಲೂ ಗದರುವುದಿಲ್ಲ, ಅವನು ತೂಕಡಿಸುತ್ತಿದ್ದರೂ ಸರಿಯೇ. ಎಣ್ಣೆ ಬಾಟಲಿ ಮುಟ್ಟಿದರೆ ಮಾತ್ರ, "ಓದೋದು ಬಿಟ್ಟು ಅದೇನೋ ನಿಂದು?" ಎಂದು ಒಳಗಿನಿಂದ ಕೂಗು ಬರುತ್ತದೆ.

ಬಾಟಲಿಯಲ್ಲಿರುವುದೂ ಪಾಠವೇ. ತೆಂಗಿನೆಣ್ಣೆ ಕರಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಡಿಸೆಂಬರಿನ ಬೆಳಗಿನ ಚಳಿಗೆ ಅದು ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಪಕ್ಕದ ಕಡಲೆಕಾಯಿ ಎಣ್ಣೆ ಏನೂ ಆಗದಂತೆ ತೆಳ್ಳಗಿರುತ್ತದೆ. ಹತ್ತನೇ ತರಗತಿಯವರು ಬಾಯಿಪಾಠ ಮಾಡುವ ಪರ್ಯಾಪ್ತ, ಅಪರ್ಯಾಪ್ತಗಳ ವ್ಯತ್ಯಾಸ ಇದೇ. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಬಹುಪಾಲು ಪರ್ಯಾಪ್ತ. ನೇರ ಸರಪಳಿಗಳು ಒತ್ತಾಗಿ ಕೂರುತ್ತವೆ. ಕಡಲೆಕಾಯಿ ಎಣ್ಣೆಯಲ್ಲಿ ದ್ವಿಬಂಧವಿರುವಲ್ಲೆಲ್ಲ ಸರಪಳಿ ಬಾಗಿ, ತುಂಬಿದ ಬಸ್ಸಿನಲ್ಲಿ ಮೊಣಕೈ ಚಾಚಿ ನಿಂತವರಂತೆ, ಪಕ್ಕದವರನ್ನು ಹತ್ತಿರ ಬಿಡುವುದಿಲ್ಲ. ಉಷ್ಣತೆ ಅಳೆಯಲು ಮನೆಯ ಪಾದರಸದ ಜ್ವರದ ಥರ್ಮಾಮೀಟರ್ ನಂಬಬಾರದು. ಅದರ ಲೆಕ್ಕ ಶುರುವಾಗುವುದೇ 35 ಡಿಗ್ರಿಯಿಂದ. ಎಣ್ಣೆಗೆ ಜ್ವರ ಬರುವವರೆಗೆ ಅದು ಬಾಯಿ ಬಿಡುವುದಿಲ್ಲ.

ಇನ್ನು ಅಟ್ಟ. ಉಂಡೆ ಕೊಬ್ಬರಿಗಾಗಿ ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ಎಂಟರಿಂದ ಹನ್ನೆರಡು ತಿಂಗಳು ಅಲ್ಲಿ ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಒಂದು ಕಾಯಿಗೆ ಗುರುತು ಹಾಕಿ ತಿಂಗಳಿಗೊಮ್ಮೆ ತೂಗಿದರೆ ತೂಕ ಇಳಿಯುವ ನಕ್ಷೆ ತಾನಾಗಿ ಸಿದ್ಧವಾಗುತ್ತದೆ. ಗುರುತನ್ನು ಅಜ್ಜಿಗೂ ತೋರಿಸಿಡುವುದು ಒಳ್ಳೆಯದು. ಇಲ್ಲದಿದ್ದರೆ ಐದನೇ ತಿಂಗಳ ಅಂಕಿ ಚಟ್ನಿಯಾಗುತ್ತದೆ.

ಅಂಗಳದ ಪ್ರಯೋಗಕ್ಕೆ ಒಂದು ಕೋಲು ಸಾಕು. ಅರಸೀಕೆರೆ, ಬೇಲೂರು, ಹಳೇಬೀಡು ಮೂರೂ ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸಿನಲ್ಲಿವೆ. ಹೀಗಾಗಿ ವರ್ಷಕ್ಕೆರಡು ಸಲ, ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ, ಸೂರ್ಯ ನೆತ್ತಿಗೆ ಬಂದು ನೆಟ್ಟ ಕೋಲಿನ ನೆರಳು ಮಾಯವಾಗುತ್ತದೆ. ಆಗಸ್ಟಿನದು ಸಾಮಾನ್ಯವಾಗಿ ಮೋಡದ ಪಾಲು. ಏಪ್ರಿಲಿನಲ್ಲಿ ನೋಡಬೇಕಾದ್ದು ಸರಿಯಾಗಿ 12 ಗಂಟೆಗಲ್ಲ, 12.20 ದಾಟಿದ ಮೇಲೆ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಹಾಸನದ ಸೂರ್ಯ ಅದನ್ನು ಓದಿಲ್ಲ.

ಅದೇ ಕೋಲನ್ನು ಬೇರೆ ದಿನ ಬೇಲೂರಿಗೆ ಒಯ್ಯಬಹುದು. ಚೆನ್ನಕೇಶವ ದೇವಾಲಯದ ಅಂಗಳದಲ್ಲಿ ತನ್ನ ಭಾರದಿಂದಲೇ ನಿಂತಿರುವ ದೀಪಸ್ತಂಭದ ಎತ್ತರ 42 ಅಡಿ ಎನ್ನುತ್ತಾರೆ. ಕೋಲಿನ ನೆರಳು, ಕಂಬದ ನೆರಳು ಎರಡನ್ನೂ ಒಂದೇ ಹೊತ್ತಿಗೆ ಅಳೆದರೆ ಸಮರೂಪ ತ್ರಿಭುಜಗಳು ಗೈಡ್‌ನ ಮಾತಿಗೆ ಸಾಕ್ಷಿ ಹೇಳುತ್ತವೆ, ಇಲ್ಲವೇ ತಕರಾರು ತೆಗೆಯುತ್ತವೆ.

ಹಳೇಬೀಡಿನ ಪಾಠ ಶಿಲೆಯದು. ಅಲ್ಲಿನ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೊಡ್ಡಿದ ಮೇಲೆ ಗಡಸಾಗುತ್ತದೆ. ಸರದ ಮಣಿಯನ್ನೂ ಬಿಡಿಬಿಡಿಯಾಗಿ ಕೆತ್ತಲು ಸಾಧ್ಯವಾದದ್ದು ಅದರಿಂದಲೇ. ಆ ಮೆತ್ತನೆಗೆ ಕಾರಣವಾದ ಟಾಲ್ಕ್‌ನ ಗಡಸುತನ ಮೋಸ್ ಮಾಪಕದಲ್ಲಿ 1, ಉಗುರಿನದು ಸುಮಾರು 2.5. ಆದ್ದರಿಂದ ಬಳಪದ ಮೇಲೆ ಉಗುರಿನ ಗೀರು ಬೀಳುತ್ತದೆ. ಈ ಪ್ರಯೋಗವನ್ನು ತಮ್ಮನ ಸ್ಲೇಟಿನ ಬಳಪದ ಮೇಲೆ, ಮನೆಯಲ್ಲೇ ಮುಗಿಸಿಕೊಂಡು ಹೋಗಬೇಕು. ಹೊಯ್ಸಳೇಶ್ವರನ ಗೋಡೆ 2023ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಕಾವಲುಗಾರನ ಸೀಟಿ ಅದಕ್ಕೂ ಮೊದಲಿನಿಂದ ಇದೆ.